ಪಾವು ದೊಡ್ಡದೋ, ಅರೆಪಾವು ದೊಡ್ಡದೋ? ಹಳ್ಳಿ ಮೇಷ್ಟ್ರಿಗೆ ಪಾಠ ತಯಾರಿಸುವ ತರಬೇತಿ ಕೊಡಿ

ತುಮಕೂರು ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಐದನೇ ತರಗತಿ. ನಾವು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮೇಷ್ಟ್ರು ಬೋರ್ಡಿನ ಮೇಲೆ 1/4 ಮತ್ತು 1/8 ಎಂದು ಬರೆದು, "ಇವೆರಡರಲ್ಲಿ ಯಾವುದು ದೊಡ್ಡದು ಹೇಳ್ರಪ್ಪ" ಅಂದರು. ಇಡೀ ತರಗತಿ ಒಂದೇ ದನಿಯಲ್ಲಿ "ಎಂಟು ಇರೋದು ಸಾ" ಅಂತು.

ಉತ್ತರ ತಪ್ಪು. ಆದರೆ ಮಕ್ಕಳ ಲೆಕ್ಕದಲ್ಲಿ ಅದಕ್ಕೊಂದು ಕಾರಣ ಇದೆ. ನಾಲ್ಕಕ್ಕಿಂತ ಎಂಟು ದೊಡ್ಡದು ಅಂತ ಒಂದನೇ ತರಗತಿಯಿಂದಲೂ ಹೇಳಿಕೊಟ್ಟಿದ್ದೇವೆ. ಗೆರೆಯ ಕೆಳಗೆ ಬಂದ ತಕ್ಷಣ ಅದೇ ಎಂಟು ಚಿಕ್ಕದನ್ನು ತೋರಿಸುತ್ತದೆ ಅಂದರೆ ಮಗು ಹೇಗೆ ನಂಬಬೇಕು?

ಮೇಷ್ಟ್ರು ಬೈಯಲಿಲ್ಲ. ಜೇಬಿನಿಂದ ಫೋನು ತೆಗೆದು, ಒಂದು ಸಣ್ಣ ಸ್ಪೀಕರಿಗೆ ಜೋಡಿಸಿ, ಎರಡು ನಿಮಿಷದ ವಿಡಿಯೊ ಹಾಕಿದರು. ಹದಿನೇಳು ಮಕ್ಕಳೂ ಮೇಜಿನ ಸುತ್ತ ಮುತ್ತಿಕೊಂಡರು. ಅದರಲ್ಲಿ ಅದೇ ಊರಿನ ಅಜ್ಜಿಯೊಬ್ಬರು ರಾಗಿ ಅಳೆಯುತ್ತಿದ್ದರು. ಮೊದಲು ಪಾವಿನಲ್ಲಿ ಅಳೆದರು. ನಾಲ್ಕು ಸಲ ಸುರಿದಾಗ ಸೇರು ತುಂಬಿತು. ಆಮೇಲೆ ಅರೆಪಾವಿನಲ್ಲಿ ಅಳೆದರು. ಎಂಟು ಸಲ ಸುರಿಯಬೇಕಾಯಿತು. ಕೊನೆಗೆ ಅಜ್ಜಿ ಈ ಕಡೆ ತಿರುಗಿ, "ಜಾಸ್ತಿ ಸಲ ಸುರೀಬೇಕು ಅಂದ್ರೆ ಪಾತ್ರೆ ಚಿಕ್ಕದು ಅಂತ ತಾನೆ ಮಗ?" ಅಂದರು.

ಮೇಷ್ಟ್ರು ಮತ್ತೆ ಬೋರ್ಡಿಗೆ ಬಂದರು. ಸೇರಿನಲ್ಲಿ ನಾಲ್ಕನೇ ಒಂದು ಪಾವು, ಎಂಟನೇ ಒಂದು ಅರೆಪಾವು. ಈಗ ಹೇಳಿ, ಯಾವುದು ದೊಡ್ಡದು? ಈ ಸಲ ಉತ್ತರ ಸರಿಯಾಗಿ ಬಂತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹುಡುಗಿ "ಹಂಗಾದ್ರೆ ಹದಿನಾರು ಇನ್ನೂ ಚಿಕ್ಕದು ಸಾ" ಅಂದಳು. ಪಾಠ ತಲೆಗೆ ಹೋಯಿತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಪಾತ್ರೆಯನ್ನೇ ಶಾಲೆಗೆ ತಂದಿದ್ದರೆ ಆಗುತ್ತಿತ್ತಲ್ಲ, ವಿಡಿಯೊ ಯಾಕೆ ಅಂತ ನಾವು ಕೇಳಿದೆವು. ಮೇಷ್ಟ್ರು ಹೇಳಿದ್ದು ಇಷ್ಟು: ಪಾತ್ರೆ ನಾಳೆ ತರುತ್ತೇನೆ, ಮಕ್ಕಳ ಕೈಯಲ್ಲೇ ಅಳೆಸುತ್ತೇನೆ. ಆದರೆ ವಿಡಿಯೊ ಇದ್ದರೆ ಇವತ್ತು ರಜೆ ಹಾಕಿದ ಮಗುವೂ ಮನೆಯಲ್ಲಿ ನೋಡುತ್ತದೆ. ಪಕ್ಕದೂರಿನ ಶಾಲೆಗೂ ಹೋಗುತ್ತದೆ. ನನಗೆ ವರ್ಗ ಆದರೂ ಈ ಶಾಲೆಯಲ್ಲಿ ಉಳಿಯುತ್ತದೆ.

ಇದನ್ನೆಲ್ಲ ಎಲ್ಲಿ ಕಲಿತಿರಿ ಸಾರ್, ತರಬೇತಿಯಲ್ಲಾ? ಅವರು ನಕ್ಕರು. "ನಮ್ ಮಗಳ ಹತ್ರ. ಡಿಗ್ರಿ ಓದ್ತಾಳೆ, ಕಟ್ ಮಾಡೋದು ಜೋಡಿಸೋದು ಅವಳೇ ಹೇಳಿಕೊಟ್ಲು."

ನಮ್ಮ ಮಾತು ಇಷ್ಟೇ

ಮೇಷ್ಟ್ರ ಮಗಳು ಹೇಳಿಕೊಟ್ಟದ್ದನ್ನು ಸರ್ಕಾರ ಹೇಳಿಕೊಡಬೇಕು. ಎಲ್ಲ ಮೇಷ್ಟ್ರಿಗೂ, ಎಲ್ಲ ಮಿಸ್‌ಗಳಿಗೂ ಅಂಥ ಮಗಳು ಇರುವುದಿಲ್ಲ.

ಇವತ್ತು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಡಿಜಿಟಲ್ ಹೆಸರಿನಲ್ಲಿ ಸಿಗುವ ತರಬೇತಿಯಲ್ಲಿ ಹೆಚ್ಚಿನದು, ಬೇರೆಯವರು ಮಾಡಿದ್ದನ್ನು ತೆರೆದು ನೋಡುವ ತರಬೇತಿ. ಆ್ಯಪ್ ಇಳಿಸಿಕೊಳ್ಳಿ, ಲಾಗಿನ್ ಆಗಿ, ಕೋರ್ಸ್ ಮುಗಿಸಿ, ಪ್ರಮಾಣಪತ್ರ ತೆಗೆದುಕೊಳ್ಳಿ. ನಾವು ಕೂತು ನೋಡಿದ ಒಂದು ತಾಲೂಕು ಮಟ್ಟದ ತರಬೇತಿಯಲ್ಲಿ ಅರ್ಧ ದಿನ ಪಾಸ್‌ವರ್ಡ್ ಮರೆತವರಿಗೆ ಒಟಿಪಿ ಬರಿಸುವುದರಲ್ಲೇ ಕಳೆಯಿತು. ಮಧ್ಯಾಹ್ನ ಪರದೆಯ ಮೇಲೆ ಬಂದ ಸಾಲುಗಳನ್ನು ಸಂಪನ್ಮೂಲ ವ್ಯಕ್ತಿ ಓದಿದರು, ಶಿಕ್ಷಕರು ಅದರ ಫೋಟೊ ತೆಗೆದುಕೊಂಡರು. ಸಂಜೆ ಎಲ್ಲರ ಗುಂಪು ಫೋಟೊ ಆಯಿತು. ನಿಮ್ಮ ತರಗತಿಯಲ್ಲಿ ಮಕ್ಕಳಿಗೆ ಯಾವುದು ಕಷ್ಟ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಸಂಪನ್ಮೂಲ ವ್ಯಕ್ತಿಯನ್ನು ನಾವು ದೂರುವುದಿಲ್ಲ. ಅವರೂ ಶಿಕ್ಷಕರೇ. ಮೇಲಿನವರು ಅವರಿಗೆ ಎರಡು ದಿನ ಹೇಳಿದ್ದನ್ನು ಅವರು ಕೆಳಗಿನವರಿಗೆ ಒಂದು ದಿನದಲ್ಲಿ ಹೇಳಬೇಕು. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿಯುವಷ್ಟರಲ್ಲಿ ಮಜ್ಜಿಗೆಗೆ ನೀರು ಸೇರುತ್ತಲೇ ಹೋಗುತ್ತದೆ.

ಮೇಲಿಂದ ಬಂದ ಪಾಠಗಳ ಕಥೆ

ಮೇಲಿಂದ ಪಾಠ ಕಳಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದನ್ನು ಮೊದಲು ಬಳಸಿಕೊಂಡ ಕಡೆಗಳಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿವೆ. ಶಾಲೆಗೆ ಟಿವಿ ಬಂತು, ಛಾವಣಿಯ ಮೇಲೆ ಡಿಶ್ ಬಂತು, ಪಾಠ ಆಕಾಶದಿಂದ ಇಳಿಯಿತು. 2010ರಲ್ಲಿ ಉಪಗ್ರಹದ ಆಯಸ್ಸು ಮುಗಿಯಿತು. ನೋಡುವುದನ್ನು ಮಾತ್ರ ಕಲಿಸಿದ್ದರೆ, ಬರುವುದು ನಿಂತ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

2017ರಲ್ಲಿ ದೀಕ್ಷಾ ಬಂತು. ಪಠ್ಯಪುಸ್ತಕದ ಪುಟದಲ್ಲಿ ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ತೆರೆಯುತ್ತದೆ. ಒಳ್ಳೆಯದೇ. 2019ರಲ್ಲಿ ಪ್ರಾಥಮಿಕ ಶಿಕ್ಷಕರಿಗಾಗಿ ನಿಷ್ಠಾ ತರಬೇತಿ ಶುರುವಾಗಿ, ಮರುವರ್ಷ ಅದೂ ದೀಕ್ಷಾ ಮೂಲಕ ಫೋನಿಗೇ ಬಂತು. ಆದರೆ ಇಲ್ಲೂ ಶಿಕ್ಷಕರು ಮುಖ್ಯವಾಗಿ ನೋಡುಗರೇ.

ಈಗ ಇನ್ನೊಂದು ಕಥೆ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಾರ್ಡು ಪದ್ಧತಿ ನೋಡಿ ಬಂದರು. ಆ ಕಾರ್ಡುಗಳನ್ನು ಹಾಗೇ ನಕಲು ಮಾಡಲಿಲ್ಲ. ತಮ್ಮ ಮಕ್ಕಳಿಗೆ ಗೊತ್ತಿರುವ ಹಾಡು, ಚಿತ್ರ, ಮಾತು ಬಳಸಿ ತಾವೇ ಕೂತು ಕಾರ್ಡು ಬರೆದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳನ್ನು ತಲುಪಿತು. ನಿಮ್ಮ ಊರಿನ ಶಾಲೆಯ ಗೋಡೆಯ ಮೇಲಿರುವ ಕಲಿಕಾ ಏಣಿ ಶುರುವಾದದ್ದು ಹಳ್ಳಿ ಮೇಷ್ಟ್ರುಗಳ ಕೈಯಿಂದ.

ಪ್ರೌಢಶಾಲೆಯ ಕಡೆಯೂ ಒಂದು ಒಳ್ಳೆಯ ಉದಾಹರಣೆ ಇದೆ. ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಕಂಪ್ಯೂಟರ್ ಕಲಿತು, ತಮ್ಮ ಪಾಠದ ಸಾಮಗ್ರಿಯನ್ನು ತಾವೇ ಬರೆದು, 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಜಾಲತಾಣಕ್ಕೆ ಸೇರಿಸಿದರು. ಯಾರು ಬೇಕಾದರೂ ತೆಗೆದುಕೊಂಡು, ತಿದ್ದಿ, ಬಳಸಬಹುದು.

ಅಂದರೆ ನಮ್ಮ ಶಿಕ್ಷಕರಿಗೆ ಬರುವುದಿಲ್ಲ ಎನ್ನುವುದು ಸುಳ್ಳು. ಕಾಗದದ ಮೇಲೆ ಮಾಡಿದ್ದಾರೆ, ಕಂಪ್ಯೂಟರಿನಲ್ಲೂ ಮಾಡಿದ್ದಾರೆ. ಒಂದರಿಂದ ಏಳನೇ ತರಗತಿಯ ಶಿಕ್ಷಕರಿಗೆ ಅಂಥ ಅವಕಾಶ ಸಾಲದು ಅನ್ನುವುದೇ ನಮ್ಮ ತಕರಾರು.

2020ರ ಕೊರೊನಾ ವರ್ಷ ನೆನಪಿಸಿಕೊಳ್ಳಿ. ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ, ಅಕ್ಟೋಬರ್‌ನಲ್ಲಿ ನಿಲ್ಲುವವರೆಗೂ ಮೇಷ್ಟ್ರು, ಮಿಸ್‌ಗಳು ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಅದೇ ವರ್ಷ ಎಷ್ಟೋ ಮಂದಿ ಯಾರೂ ಹೇಳಿಕೊಡದೆಯೇ ವಾಟ್ಸಾಪ್‌ನಲ್ಲಿ ದನಿ ಮುದ್ರಿಸಿ, ಹಾಳೆಯ ಮೇಲೆ ಬರೆದು ಫೋಟೊ ತೆಗೆದು ಕಳಿಸಿದರು. ಕಷ್ಟದ ದಿನದಲ್ಲಿ ತಾವಾಗಿ ಕಲಿತ ಆ ವಿದ್ಯೆಯನ್ನು ಒಳ್ಳೆಯ ದಿನದಲ್ಲಿ ಮುಂದುವರಿಸಲು ಒಂದು ವ್ಯವಸ್ಥೆ ಬೇಡವೇ?

ಯೂಟ್ಯೂಬಲ್ಲಿ ಎಲ್ಲಾ ಸಿಗುತ್ತಲ್ಲ?

ಇದು ನಮಗೆ ಹೆಚ್ಚು ಎದುರಾದ ಪ್ರಶ್ನೆ. ಭಿನ್ನರಾಶಿಯ ಮೇಲೆ ನೂರಾರು ವಿಡಿಯೊ ಇವೆ, ಹೌದು. ಹೆಚ್ಚಿನವು ಪಿಜ್ಜಾ ಕತ್ತರಿಸಿ ತೋರಿಸುತ್ತವೆ. ಪಿಜ್ಜಾ ನೋಡದ ಮಗುವೂ ವೃತ್ತ ಅರ್ಥ ಮಾಡಿಕೊಳ್ಳುತ್ತದೆ, ಅದು ದೊಡ್ಡ ತೊಂದರೆಯಲ್ಲ.

ತೊಂದರೆ ಬೇರೆ ಇದೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ವಿಡಿಯೊ ಮಾಡಿದವರಿಗೆ ನಮ್ಮ ಐದನೇ ತರಗತಿಯ ಹದಿನೇಳು ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗೊತ್ತಿಲ್ಲ. ಆ ಮೇಷ್ಟ್ರಿಗೆ ಮಾತ್ರ ಗೊತ್ತು. ಎಡವಿದ ಜಾಗ ಕಂಡವರು ಮಾಡಿದ ಎರಡು ನಿಮಿಷದ ಪಾಠ, ಕಾಣದವರು ಮಾಡಿದ ಇಪ್ಪತ್ತು ನಿಮಿಷದ ಪಾಠಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಭಾಷೆ. ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಗಡಿಯ ಕಡೆ ತೆಲುಗು, ಮರಾಠಿ. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ. ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗರ ಮಾತು. ಎಷ್ಟೋ ಮನೆಗಳಲ್ಲಿ ಉರ್ದು. ಕನ್ನಡವೇ ಆದರೂ ಕಲಬುರಗಿಯ ಕನ್ನಡ ಮೈಸೂರಿನದ್ದಲ್ಲ. ರಾಜ್ಯಕ್ಕೆಲ್ಲ ಒಂದೇ ವಿಡಿಯೊ ಮಾಡುವವರು ಪುಸ್ತಕದ ಕನ್ನಡ ಬಿಟ್ಟು ಬೇರೆ ಆಡಲಾರರು. ಆದರೆ ತಾಂಡಾದ ಒಬ್ಬ ತಾಯಿಯನ್ನು ಕೂರಿಸಿಕೊಂಡು ಇಪ್ಪತ್ತು ಪದಗಳನ್ನು ಲಂಬಾಣಿಯಲ್ಲೂ ಕನ್ನಡದಲ್ಲೂ ಹೇಳಿಸಿ ದನಿ ಮುದ್ರಿಸುವುದಕ್ಕೆ ಅಲ್ಲಿನ ಮಿಸ್‌ಗೆ ಹತ್ತು ನಿಮಿಷ ಸಾಕು. ಒಂದನೇ ತರಗತಿಗೆ ಹೊಸದಾಗಿ ಬಂದು ಬಾಯಿ ಬಿಡದೆ ಕೂತ ಮಗುವಿಗೆ ಅದು ಎಷ್ಟು ದೊಡ್ಡ ಆಸರೆ ಯೋಚಿಸಿ.

ಈಗ ಕೃತಕ ಬುದ್ಧಿಮತ್ತೆಯೂ ಬಂದಿದೆ. ಕೇಳಿದರೆ ಕನ್ನಡದಲ್ಲಿ ಪಾಠ ಬರೆದುಕೊಡುತ್ತದೆ. ಬಳಸಲಿ, ನಮ್ಮ ಅಭ್ಯಂತರವಿಲ್ಲ. ಆದರೆ ಅದು ಬರೆದದ್ದರಲ್ಲಿ ತಪ್ಪು ಹುಡುಕಿ ತಿದ್ದುವವರು ಬೇಕು. ಸ್ವಂತ ಪಾಠ ಮಾಡಿ ರೂಢಿಯಿದ್ದವರಿಗೆ ಮಾತ್ರ ಅದು ಸಾಧ್ಯ.

ತರಬೇತಿ ಹೇಗಿರಬೇಕು?

ಬರೀ ದೂರಿದರೆ ಆಗಲಿಲ್ಲ. ಶಿಕ್ಷಕರ ಜೊತೆ ಕೂತು ಮಾತಾಡಿದ ಮೇಲೆ ನಮಗೆ ತೋಚಿದ್ದನ್ನು ಹೇಳುತ್ತೇವೆ.

ಒಂದು: ತರಬೇತಿ ಕ್ಲಸ್ಟರಿಗೆ ಬರಲಿ. ವರ್ಷಕ್ಕೊಮ್ಮೆ ತಾಲೂಕಿಗೆ ಕರೆಸಿ ಮೂರು ದಿನ ಕೂರಿಸುವ ಬದಲು, ತಿಂಗಳಿಗೆ ಎರಡು ಗಂಟೆಯಂತೆ ಹತ್ತು ತಿಂಗಳು ನಡೆಯಲಿ. ಕ್ಲಸ್ಟರ್ ಸಮಾಲೋಚನಾ ಸಭೆಗಳನ್ನೇ ಇದಕ್ಕೆ ಬಳಸಬಹುದು. ಒಟ್ಟು 20 ಗಂಟೆ ಆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಇರಬೇಕು ಎನ್ನುತ್ತದೆ. ಅದರಲ್ಲಿ 20 ಗಂಟೆ ದುಬಾರಿಯಲ್ಲ.

ಎರಡು: ಶುರು ಆ್ಯಪ್‌ನಿಂದ ಬೇಡ, ಮಕ್ಕಳ ತಪ್ಪಿನಿಂದ ಆಗಲಿ. ಪ್ರತಿ ಶಿಕ್ಷಕರೂ ತಮ್ಮ ತರಗತಿಯ ನೋಟ್‌ಬುಕ್‌ಗಳನ್ನು ತರಲಿ. ಮಕ್ಕಳು ಮತ್ತೆ ಮತ್ತೆ ಮಾಡುವ ಒಂದು ತಪ್ಪು ಆರಿಸಲಿ. ಕೂಡುವಾಗ ದಶಕ ಮರೆಯುವುದೋ, ಒತ್ತಕ್ಷರ ಬಿಡುವುದೋ, ಅ-ಹ ಅದಲು ಬದಲು ಮಾಡುವುದೋ. ಆ ಒಂದು ತಪ್ಪಿಗೆ ಒಂದು ಸಾಮಗ್ರಿ ಮಾಡಲಿ. ಅದೇ ಆ ತಿಂಗಳ ಕೆಲಸ.

ಮೂರು: ಮೊದಲು ದನಿ, ಆಮೇಲೆ ಚಿತ್ರ, ಕೊನೆಗೆ ವಿಡಿಯೊ. ಫೋನಿನಲ್ಲಿ ಫುಲ್ ಎಚ್‌ಡಿ ವಿಡಿಯೊ ತೆಗೆದರೆ ನಿಮಿಷಕ್ಕೆ ಸುಮಾರು 100 ಎಂಬಿ ತಿನ್ನುತ್ತದೆ. ಬರೀ ದನಿಯಾದರೆ ನಿಮಿಷಕ್ಕೆ ಅರ್ಧ ಎಂಬಿ ಸಾಕು. ಐದು ನಿಮಿಷದ ಕಥೆ ಎರಡೂವರೆ ಎಂಬಿಯಲ್ಲಿ ಮುಗಿಯುತ್ತದೆ. ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತ್‌ನಲ್ಲೂ ಹೋಗುತ್ತದೆ, ಕೀಪ್ಯಾಡ್ ಫೋನಿನ ಮೆಮೊರಿ ಕಾರ್ಡಿಗೂ ಹಾಕಿಕೊಡಬಹುದು. ಕಣ್ಣು ಕಾಣದ ಮಗುವಿಗೂ ಆಗುತ್ತದೆ. ವಿಡಿಯೊ ಬೇಕೇ ಬೇಕಾದರೆ ಕಡಿಮೆ ಗುಣಮಟ್ಟದಲ್ಲಿ ತೆಗೆಯುವುದು, ಚಿಕ್ಕದು ಮಾಡುವುದು, ಕೆಳಗೆ ಸಾಲು ಬರೆಯುವುದು ಕಲಿಸಲಿ. ಕಿವಿ ಕೇಳದ ಮಗುವಿಗೆ ಆ ಸಾಲೇ ಪಾಠ.

ನಾಲ್ಕು: ನೆಟ್‌ವರ್ಕ್ ಇಲ್ಲ ಅಂದುಕೊಂಡೇ ತಯಾರಿಸಲಿ. 2023-24ರ ಯುಡೈಸ್ ಪ್ಲಸ್ ಅಂಕಿಯ ಪ್ರಕಾರ ದೇಶದ ನೂರು ಶಾಲೆಗಳಲ್ಲಿ ಇಂಟರ್ನೆಟ್ ಇರುವುದು ಸುಮಾರು 54ರಲ್ಲಿ, ಕೆಲಸ ಮಾಡುವ ಕಂಪ್ಯೂಟರ್ ಇರುವುದು ಸುಮಾರು 57ರಲ್ಲಿ. ಉಳಿದ ಶಾಲೆಗಳ ಮಕ್ಕಳು ಏನು ಮಾಡಬೇಕು? ಪೆನ್‌ಡ್ರೈವ್‌ನಲ್ಲಿ ಓಡುವ, ಮುದ್ರಿಸಿ ಗೋಡೆಗೆ ಅಂಟಿಸಲು ಆಗುವ ಸಾಮಗ್ರಿ ಮಾಡುವುದೂ ಡಿಜಿಟಲ್ ಕೆಲಸವೇ.

ಐದು: ಕನ್ನಡ ಟೈಪಿಂಗ್ ಸರಿಯಾಗಿ ಕಲಿಸಲಿ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಫೋನಿಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುವುದನ್ನು ನೀವೂ ನೋಡಿರುತ್ತೀರಿ. ಯುನಿಕೋಡ್‌ನಲ್ಲಿ ಬರೆದರೆ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೂ ಸಿಗುತ್ತದೆ. ಟೈಪ್ ಬಾರದವರು ಫೋನಿಗೆ ಹೇಳಿ ಬರೆಸಬಹುದು, ಆಮೇಲೆ ತಪ್ಪು ತಿದ್ದಿದರೆ ಆಯಿತು.

ಆರು: ಹಕ್ಕು ಮತ್ತು ಮಕ್ಕಳ ಮಾನ. ಗೂಗಲ್‌ನಲ್ಲಿ ಕಂಡ ಚಿತ್ರವೆಲ್ಲ ನಮ್ಮದಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಚಿತ್ರ, ಕಥೆಗಳನ್ನು ಹೆಸರು ಹೇಳಿ ಬಳಸಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳಿವೆ. ಅವನ್ನು ಮುದ್ರಿಸಬಹುದು, ನಮ್ಮ ಮಾತಿಗೆ ಅನುವಾದವನ್ನೂ ಮಾಡಬಹುದು. ಇನ್ನು ಮಕ್ಕಳ ಮುಖ. ಪಾಠದ ಹೆಸರಿನಲ್ಲಿ ಮಕ್ಕಳ ಮುಖ, ಹೆಸರು, ಅವರ ತಪ್ಪು ಉತ್ತರ ಯೂಟ್ಯೂಬಿಗೆ ಹೋಗಬಾರದು. ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಕೈ ತೋರಿಸಿ, ಪಾತ್ರೆ ತೋರಿಸಿ, ಮುಖ ಬೇಡ. ಈ ಮಾತು ಮೊದಲ ದಿನವೇ ಹೇಳಬೇಕಾದದ್ದು.

ಏಳು: ಮಾಡಿದ್ದನ್ನು ಮಕ್ಕಳ ಮುಂದೆ ಇಡಲಿ. ಐದು ಮಕ್ಕಳಿಗೆ ತೋರಿಸಿ. ಎಲ್ಲಿ ಕಣ್ಣು ಆಚೆ ಹೋಯಿತೋ ಅಲ್ಲಿ ಕತ್ತರಿ ಹಾಕಿ. ಎಲ್ಲಿ "ಅಂದ್ರೆ ಏನ್ ಮಿಸ್?" ಅಂದರೋ ಅಲ್ಲಿ ಪದ ಬದಲಿಸಿ. ಮುಂದಿನ ತಿಂಗಳ ಸಭೆಯಲ್ಲಿ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಎಂದು ಎಲ್ಲರ ಮುಂದೆ ಹೇಳಲಿ. ತರಬೇತಿ ಆಯಿತು ಅನ್ನುವುದಕ್ಕೆ ಪ್ರಮಾಣಪತ್ರ ಬೇಡ, ತಿದ್ದಿದ ಒಂದು ಪಾಠ ಸಾಕು.

ಸಮಯ ಎಲ್ಲಿದೆ, ದುಡ್ಡು ಯಾರದು?

ಇಷ್ಟು ಹೇಳಿ ಸುಮ್ಮನಾದರೆ ನಾವೂ ಮೇಲಿಂದ ಆದೇಶ ಕೊಡುವವರ ಸಾಲಿಗೆ ಸೇರುತ್ತೇವೆ. ಒಬ್ಬ ಮಿಸ್ ನಮಗೆ ನೇರವಾಗಿ ಕೇಳಿದರು: "ಮೊಟ್ಟೆ ಲೆಕ್ಕ ಬರೀಲೋ, ಆನ್‌ಲೈನ್ ಮಾಹಿತಿ ತುಂಬ್ಲೋ, ನಿಮ್ ವಿಡಿಯೊ ಮಾಡ್ಲೋ?"

ಅವರು ಕೇಳಿದ್ದರಲ್ಲಿ ನ್ಯಾಯ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಹಾಗಿದ್ದೂ 2025ರ ದಸರಾ ಹೊತ್ತಿನ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಬಹುಪಾಲು ಸರ್ಕಾರಿ ಶಾಲೆಯ ಶಿಕ್ಷಕರೇ. ಸಮೀಕ್ಷೆ ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದೂಡಲಾಯಿತು. ಸಮೀಕ್ಷೆ ಬೇಕೋ ಬೇಡವೋ ಅದು ಬೇರೆ ಚರ್ಚೆ. ಊರಿನಲ್ಲಿ ಏನೇ ಎಣಿಸಬೇಕಾದರೂ ಮೇಷ್ಟ್ರೇ ಬೇಕು ಅನ್ನುವ ರೂಢಿ ಇರುವವರೆಗೆ ಪಾಠ ತಯಾರಿಗೆ ಸಮಯ ಹುಟ್ಟುವುದಿಲ್ಲ.

ಒಬ್ಬರೋ ಇಬ್ಬರೋ ಶಿಕ್ಷಕರು ಐದು ತರಗತಿ ನೋಡುವ ಶಾಲೆಗಳಿಗಂತೂ ಇದು ಇನ್ನೂ ಕಷ್ಟ. ಅಂಥವರಿಂದ ಮೊದಲೇ ಸಾಮಗ್ರಿ ಕೇಳಬೇಡಿ, ಅವರಿಗೆ ಮೊದಲು ಕೊಡಿ. ಮಿಸ್ ಒಂದು ತರಗತಿಗೆ ಪಾಠ ಮಾಡುವಾಗ ಪಕ್ಕದ ಮೂಲೆಯಲ್ಲಿ ಇನ್ನೊಂದು ತರಗತಿ ಸ್ಪೀಕರಿನಲ್ಲಿ ಕಥೆ ಕೇಳುತ್ತಾ ಕೂರಬಹುದು. ಕ್ಲಸ್ಟರಿನ ಹತ್ತು ಶಾಲೆಗಳು ತಿಂಗಳಿಗೆ ಒಂದೊಂದು ಸಾಮಗ್ರಿ ಮಾಡಿದರೆ, ವರ್ಷದ ಕೊನೆಗೆ ನೂರು ಆಗುತ್ತದೆ. ಒಬ್ಬೊಬ್ಬರ ಪಾಲಿಗೆ ಬರುವ ಕೆಲಸ ಕಡಿಮೆ, ಎಲ್ಲರಿಗೂ ಸಿಗುವುದು ಹೆಚ್ಚು.

ಇನ್ನು ದುಡ್ಡು. ಈಗ ಶಾಲೆಯ ಬಹುತೇಕ ಡಿಜಿಟಲ್ ಕೆಲಸ ನಡೆಯುವುದು ಶಿಕ್ಷಕರ ಸ್ವಂತ ಫೋನಿನಲ್ಲಿ, ಸ್ವಂತ ರೀಚಾರ್ಜಿನಲ್ಲಿ. ಸೀಮೆಸುಣ್ಣವನ್ನು ಮೇಷ್ಟ್ರ ಜೇಬಿನಿಂದ ತರಿಸುತ್ತೇವೆಯೇ? ಇಲ್ಲ. ಹಾಗೇ ಡೇಟಾ, ಒಂದು ಸಣ್ಣ ಸ್ಪೀಕರು, ಒಂದು ಮೈಕು, ಒಂದು ಮೊಬೈಲ್ ಸ್ಟ್ಯಾಂಡು ಶಾಲೆಯ ಅನುದಾನದಲ್ಲೇ ಬರಬೇಕು. ಈ ಸಣ್ಣ ಸಾಮಾನುಗಳಿಗೆ ಒಂದು ದೊಡ್ಡ ಸ್ಮಾರ್ಟ್ ಬೋರ್ಡಿನಷ್ಟು ಖರ್ಚಿಲ್ಲ.

ಮಕ್ಕಳಿಗೆ ಫೋನು ಕೊಡಿ ಅನ್ನುತ್ತಿಲ್ಲ

ಮಕ್ಕಳು ಈಗಲೇ ಫೋನಿಗೆ ಅಂಟಿಕೊಂಡಿದ್ದಾರೆ, ಶಾಲೆಯೂ ಅದನ್ನೇ ಕಲಿಸಬೇಕಾ ಅಂತ ಪೋಷಕರು ಕೇಳುತ್ತಾರೆ. ನಮ್ಮ ಮನೆಗಳಲ್ಲೂ ಅದೇ ಜಗಳ ಇದೆ.

ನಾವು ಹೇಳುತ್ತಿರುವುದು ಶಿಕ್ಷಕರ ಕೈಗೆ ಸಲಕರಣೆ ಕೊಡುವ ಮಾತು. ಒಂದರಿಂದ ಮೂರನೇ ತರಗತಿಗೆ ಪರದೆ ಬೇಡವೇ ಬೇಡ. ಅಲ್ಲಿ ಕೇಳುವ ಕಥೆ, ಮುದ್ರಿಸಿದ ಕಾರ್ಡು, ಮುಟ್ಟುವ ಹುಣಸೆಬೀಜ, ಕಡ್ಡಿಗಳೇ ಇರಲಿ. ಮೇಲಿನ ತರಗತಿಗೂ ತರಗತಿಗೊಂದು ಪರದೆ, ಎರಡು ಮೂರು ನಿಮಿಷ, ಆಮೇಲೆ ಕೈಯಲ್ಲಿ ಮಾಡುವ ಕೆಲಸ. ಪಾವಿನ ಮೇಷ್ಟ್ರು ಮಾಡಿದ್ದೂ ಅದನ್ನೇ.

ಆದರೆ ಒಂದು ಮಾತು ಒಪ್ಪಲೇಬೇಕು. ಫೋನು ಮನೆಗೆ ಬಂದಾಗಿದೆ. ಗ್ರಾಮೀಣ ಮಕ್ಕಳ ಬಗ್ಗೆ 2024ರ ಅಸರ್ ವರದಿ ನೋಡಿ. 14ರಿಂದ 16 ವರ್ಷದವರಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಇವರು ನಿನ್ನೆಮೊನ್ನೆ ಪ್ರಾಥಮಿಕ ಶಾಲೆಯಲ್ಲಿದ್ದವರು. ಆ ಫೋನಿನಲ್ಲಿ ರೀಲ್ಸ್ ಜೊತೆಗೆ ತಮ್ಮ ಮಿಸ್‌ನ ದನಿಯೂ ಒಂದಿಷ್ಟು ಇದ್ದರೆ ನಷ್ಟವೇನೂ ಇಲ್ಲ.

ನೀವು ಏನು ಮಾಡಬಹುದು?

ಇದು ಸರ್ಕಾರ ಮಾಡಬೇಕಾದ ಕೆಲಸ. ಆದರೆ ಅದು ಮಾಡುವವರೆಗೆ ನಾವು ಕೈ ಕಟ್ಟಿ ಕೂರಬೇಕಿಲ್ಲ.

ನೀವು ಎಸ್‌ಡಿಎಂಸಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ. ನಮ್ಮ ಶಿಕ್ಷಕರಿಗೆ ಪಾಠದ ಸಾಮಗ್ರಿ ಮಾಡುವ ತರಬೇತಿ ಸಿಕ್ಕಿದೆಯೇ? ಶಾಲೆಗೆ ಒಂದು ಸ್ಪೀಕರು, ಒಂದು ಪೆನ್‌ಡ್ರೈವ್ ಇದೆಯೇ? ಉತ್ತರ ಇಲ್ಲ ಎಂದಾದರೆ ಅದನ್ನು ನಡಾವಳಿಯಲ್ಲಿ ಬರೆಸಿ, ಸಿಆರ್‌ಪಿಗೂ ಬಿಇಒ ಕಚೇರಿಗೂ ಒಂದು ಪ್ರತಿ ಕೊಡಿ. ಬಾಯಿ ಮಾತಿಗಿಂತ ನಡಾವಳಿಯ ಸಾಲಿಗೆ ಬೆಲೆ ಹೆಚ್ಚು.

ನೀವು ಡಿಗ್ರಿ ಓದುತ್ತಿರುವ, ಫೋನಿನಲ್ಲಿ ವಿಡಿಯೊ ಕತ್ತರಿಸಿ ಜೋಡಿಸಲು ಬರುವ ಹುಡುಗ ಹುಡುಗಿಯರಾದರೆ, ಒಂದು ಶನಿವಾರ ನಿಮ್ಮ ಹಳೆಯ ಶಾಲೆಗೆ ಹೋಗಿ. ಮಿಸ್ ಪಕ್ಕ ಕೂತು ಹೇಳಿಕೊಡಿ. ನೀವೇ ಮಾಡಿಕೊಟ್ಟು ಬರಬೇಡಿ, ಅವರ ಕೈಯಲ್ಲೇ ಮಾಡಿಸಿ. ಮುಂದಿನ ಸಲ ಅವರು ಒಬ್ಬರೇ ಮಾಡುವಂತಾಗಬೇಕು.

ನೀವು ಅಜ್ಜ ಅಜ್ಜಿಯಾದರೆ, ಅಥವಾ ಮನೆಯಲ್ಲಿ ಅವರಿದ್ದರೆ, ಮೇಷ್ಟ್ರು ಬಂದು ಕೇಳಿದಾಗ ಬೇಡ ಅನ್ನಬೇಡಿ. ಬಿತ್ತನೆಯ ಲೆಕ್ಕ, ಮಳೆ ನಕ್ಷತ್ರಗಳ ಹೆಸರು, ಬೀಸುವ ಕಲ್ಲಿನ ಹಾಡು, ಸೇರು ಪಾವಿನ ಅಳತೆ ನಿಮಗೆ ಬಾಯಿಪಾಠ. "ನಮಗೇನು ಗೊತ್ತು, ಓದಿಲ್ಲ ಬರೆದಿಲ್ಲ" ಅಂತ ಆ ಅಜ್ಜಿಯೂ ಮೊದಲು ಹೇಳಿದ್ದರಂತೆ. ಈಗ ಐದನೇ ತರಗತಿಯ ಮಕ್ಕಳು ಅವರನ್ನು ದಾರಿಯಲ್ಲಿ ಕಂಡರೆ "ಲೆಕ್ಕದ ಮಿಸ್" ಅಂತ ಕರೆಯುತ್ತಾರೆ. ಹೋದ ವಾರ ಆ ಮೇಷ್ಟ್ರು ಫೋನ್ ಮಾಡಿದ್ದರು. ಆ ವಿಡಿಯೊ ಕ್ಲಸ್ಟರಿನ ಬೇರೆ ಶಾಲೆಗಳಿಗೂ ಹೋಗಿದೆ. ಪಕ್ಕದ ಶಾಲೆಯ ಮಿಸ್ ಒಬ್ಬರು ಹೇಗೆ ಮಾಡಿದಿರಿ ಅಂತ ಕೇಳಿದ್ದಾರೆ. ಶನಿವಾರ ಸಭೆ ಮುಗಿದ ಮೇಲೆ ಅರ್ಧ ಗಂಟೆ ಕೂತು ಹೇಳಿಕೊಡುತ್ತೇನೆ ಅಂದರು.

ಆ ಅರ್ಧ ಗಂಟೆ ಸಭೆ ಮುಗಿದ ಮೇಲೆ ಅಲ್ಲ, ಸಭೆಯ ಒಳಗೇ ಸಿಗಬೇಕು. ನಾವು ಕೇಳುತ್ತಿರುವುದು ಅಷ್ಟನ್ನೇ.